ಹ್ಯಾಂಡಲ್ಲಿಗೆ ಕಟ್ಟಿದ ಅರಿವೆ

ಆ ಒಂದು ವಾಕ್ಯ ಬಿಟ್ಟರೆ ಉಳಿದದ್ದೆಲ್ಲ ನಿಜವೇ ಆಗಿತ್ತು. ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಅನ್ನಪೂರ್ಣಾ ಒಂದು ಕಂಪ್ಯೂಟರ್ ಆಟದ ಬಗ್ಗೆ ತಾನು ಬರೆದ ಲೇಖನವಿದ್ದ ಪತ್ರಿಕೆಯ ತುಣುಕನ್ನು ಚೀಲದಿಂದ ಮತ್ತೆ ತೆಗೆದಳು. ಬೆಳಗಿನಿಂದ ಇದು ನಾಲ್ಕನೆಯ ಸಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಕಣ್ಣು ಹಾಳೆಯಲ್ಲಿ ತಪ್ಪು ಇರುವಲ್ಲಿಗೇ ನೆಟ್ಟಗೆ ಹೋಗುತ್ತಿತ್ತು, ಹುಣ್ಣು ಹುಡುಕಿಕೊಂಡು ನೊಣ ಹೋದಂತೆ. "ಯಾವ ಗುರುತೂ ಇಲ್ಲದೆ, ಇದ್ದಕ್ಕಿದ್ದಂತೆ, ಆಟವು ನಮ್ಮ ಕೈಯಿಂದಲೇ ಆ ಸಣ್ಣ ಜೀವವನ್ನು ತೆಗೆಸಿಬಿಡುತ್ತದೆ, ಅದೇ ಇದರ ದೊಡ್ಡತನ." ಓದಿದವರು ಮೆಚ್ಚಿದ್ದು ಇದನ್ನೇ. ಇದನ್ನು ಮೆಚ್ಚಿಯೇ ಕಿತ್ತೂರಿನ ಓದುಗರ ಬಳಗದವರು ಈ ಭಾನುವಾರ ಹನ್ನೊಂದಕ್ಕೆ ಬಂದು ಮಾತಾಡಿರಿ ಎಂದು ಕರೆದಿದ್ದರು. ಗಂಡ ಗೌರೀಶ ಮುಂಜಾನೆ ಚಹಾ ಕುಡಿಯುತ್ತ ಪಕ್ಕದ ಮನೆಯವರಿಗೆ ಕೇಳುವ ಹಾಗೆ ನಕ್ಕಿದ್ದ: ಶಾಲೆಯಲ್ಲಿ ಹುಡುಗರ ಕೈಯಿಂದ ಮೊಬೈಲು ಕಸಿದುಕೊಳ್ಳುವಾಕೆ ಈಗ ಗೊಂಬೆ ಆಟದ ಮೇಲೆ ಭಾಷಣ ಮಾಡಲು ಹೊರಟಿದ್ದಾಳೆ, ಕಲಿಗಾಲ ಅಂದರೆ ಇದೇ. ಅವಳಿಗೆ ಆ ನಗೆಯೇನೂ ತಾಗಿರಲಿಲ್ಲ. ತಾಗಿದ್ದು ಪಕ್ಕದಲ್ಲಿ ಕಾಲು ಮಡಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಶೆಟ್ಟೆವ್ವ ನಿನ್ನೆ ಅಂದ ಒಂದು ಮಾತು.

ಶೆಟ್ಟೆವ್ವ ಅರವತ್ತನಾಲ್ಕರ ಹೆಂಗಸು. ಹರೆಯದಲ್ಲಿ ಊರ ಹೊರಗಿನ ಅರಳೆ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಅನ್ನಪೂರ್ಣಾಳ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡಿ, ನಾಲ್ಕು ವರ್ಷದ ಹಿಂದೆ ಅದನ್ನೂ ಬಿಟ್ಟವಳು. ಮೇ ತಿಂಗಳಲ್ಲಿ ಶಾಲೆಯ ಮೆಟ್ಟಿಲ ಮೇಲೆ ಜಾರಿ ಅನ್ನಪೂರ್ಣಾಳ ಕಾಲಿನ ಹರಡು ಮುರಿದಾಗ, ಯಾರೂ ಕರೆಯದೆ ಬಂದು, ಆರು ವಾರ ದಿನಾ ಮುಂಜಾನೆ ಎಬ್ಬಿಸಿ ಕೂಡಿಸಿದವಳು. ತನಗಿಂತ ಎಂಟು ವರ್ಷ ದೊಡ್ಡವಳನ್ನು ಅನ್ನಪೂರ್ಣಾ 'ನೀ' ಎನ್ನುತ್ತಿದ್ದಳು, ಅವಳು ಇವಳನ್ನು 'ಅಕ್ಕಾರ' ಎನ್ನುತ್ತಿದ್ದಳು. ಇದರಲ್ಲಿ ಏನೋ ತಿರುವುಮುರುವಾಗಿದೆ ಎಂದು ಈಚೆಗೆ ಅನ್ನಿಸಲು ಹತ್ತಿತ್ತು, ಅನ್ನಿಸಿದ ಮೇಲೂ ನಾಲಿಗೆ ಹೊರಳಿರಲಿಲ್ಲ. ನಿನ್ನೆ ಕಿತ್ತೂರಿನ ಸುದ್ದಿ ತೆಗೆದಾಗ ಶೆಟ್ಟೆವ್ವ, ಬಸ್ಸಿನ ಮೆಟ್ಟಿಲು ಎತ್ತರ ಇರುತ್ತವೆ, ಕಾಲಿನ್ನೂ ಗಟ್ಟಿಯಾಗಿಲ್ಲ, ನಾನೂ ಬರುತ್ತೇನೆ ಎಂದಳು. ಅಲ್ಲಿಗೆ ಮುಗಿದಿದ್ದರೆ ನಡೆಯುತ್ತಿತ್ತು. ಆಮೇಲೆ, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ, "ಏನ ಹೇಳತೀರೋ ನಾನೂ ಒಂದೀಟು ಕೇಳತೇನಿ" ಎಂದಿದ್ದಳು. ಉಣ್ಣುವ ಅನ್ನದಲ್ಲಿ ಸಿಕ್ಕ ಹರಳಿನಂತೆ ಆ ಮಾತು ಹಲ್ಲಿನಡಿ ಕೂತಿತ್ತು.

ಆಟವನ್ನು ತಂದುಕೊಟ್ಟವಳು ಮಗಳು ಮಧು. ಧಾರವಾಡದ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಹುಡುಗಿ. ಅವ್ವ ಹಾಸಿಗೆಯಲ್ಲಿ ಮೂರು ದಿನ ಗೋಡೆ ನೋಡುತ್ತ ಮಲಗಿದ್ದನ್ನು ಕಂಡು ತನ್ನ ಲ್ಯಾಪ್‌ಟಾಪನ್ನೇ ಬಿಟ್ಟುಹೋಗಿದ್ದಳು. ಮೊದಮೊದಲು ಅನ್ನಪೂರ್ಣಾ ಅದನ್ನು ಮುಟ್ಟಿರಲಿಲ್ಲ. ಮುಟ್ಟಿದ ಮೇಲೆ ಬಿಡಲಿಲ್ಲ. ಮನುಷ್ಯರೆಲ್ಲ ಮುಗಿದುಹೋದ ಲೋಕ. ಕೆರೆ, ಹೊಳೆ ಬತ್ತಿ ಊರಿನೊಳಗೆ ಉಸುಕು ನುಗ್ಗಿದೆ. ಗುಜರಿಯ ರಾಶಿಯಿಂದ ಒಂದು ರೋಬೋಟ್ ಏಳುತ್ತದೆ. ಎದೆಯ ಮೇಲೆ ಯಾರೋ ಕೈಯಿಂದ ಬರೆದ ಗುರುತಿದೆ. ಬರೆದವರು ಯಾರು ಎಂದು ಹುಡುಕಿಕೊಂಡು ಅದು ನಡೆಯುತ್ತದೆ, ಅಷ್ಟೇ ಕತೆ. ಒಂದು ಮಾತಿಲ್ಲ, ಒಂದು ಅಕ್ಷರವಿಲ್ಲ. ಹಾಗಾಗಿಯೇ, ಬಳ್ಳೊಳ್ಳಿ ಬಿಡಿಸುತ್ತ ಬಾಗಿಲಲ್ಲಿ ಕೂತಿದ್ದ ಶೆಟ್ಟೆವ್ವನಿಗೂ ಅದು ಎಲ್ಲ ತಿಳಿಯುತ್ತಿತ್ತು. ಅವಳೇ ಅದಕ್ಕೆ ತಗಡ್ಯಾ ಎಂದು ಹೆಸರಿಟ್ಟಳು. ದಾರಿಯಲ್ಲಿ ಅದರ ಬೆನ್ನು ಹತ್ತಿದ, ಒಂಟಿ ಕಣ್ಣಿನ ದೀಪದ ಪುಟ್ಟ ಯಂತ್ರಕ್ಕೆ ಸಣ್ಣಾವ ಎಂದಳು. ಮುಂಜಾನೆ ಬಂದವಳೇ ಕಾಲು ನೋವು ಹೇಗಿದೆ ಎಂದು ಕೇಳುವ ಮುಂಚೆ, ತಗಡ್ಯಾ ಎಲ್ಲಿ ತನಕ ಹೋದ ಎಂದು ಕೇಳುತ್ತಿದ್ದಳು.

ಲೇಖನದಲ್ಲಿ ಅನ್ನಪೂರ್ಣಾ ಹೊಗಳಿದ್ದು ಸುಳ್ಳೇನಲ್ಲ. ಕತೆ ಒಂದು ಕಡೆ, ಒಗಟು ಒಂದು ಕಡೆ ಎಂದು ಆ ಆಟದಲ್ಲಿ ಇರಲಿಲ್ಲ. ಎರಡಕ್ಕೂ ನಡುವಿನ ಹೊಲಿಗೆ ಹುಡುಕಿದರೂ ಕಾಣುತ್ತಿರಲಿಲ್ಲ. ಹಾಳು ಬಿದ್ದ ಒಂದು ಮನೆಯ ಬಾಗಿಲು ತೆರೆಯಬೇಕಾದರೆ ಅಡಿಗೆಮನೆಯ ತಾಟುಗಳನ್ನು ಆ ಮನೆಯವರು ಉಣ್ಣಲು ಕೂಡುತ್ತಿದ್ದ ಸಾಲಿನಲ್ಲಿ ಇಡಬೇಕಿತ್ತು. ಸಾಲು ಯಾವುದು ಎಂದು ಹೇಳುವವರಿಲ್ಲ. ಗೋಡೆಗೆ ಒರಗಿದ ಎಣ್ಣೆತಲೆಗಳ ಕಲೆ, ಮಕ್ಕಳ ಎತ್ತರಕ್ಕೆ ಎಳೆದ ಸೀಮೆಸುಣ್ಣದ ಗೆರೆ, ಸವೆದ ನೆಲ, ಇವನ್ನು ನೋಡಿಯೇ ತಿಳಿಯಬೇಕು. ಕೊನೆಯ ತಾಟು ಇಟ್ಟಾಗ ಬಾಗಿಲು ತೆರೆಯಿತು, ಆದರೆ ಅಷ್ಟರೊಳಗೆ ಅಲ್ಲಿ ಐದು ಮಂದಿ ಬದುಕಿದ್ದರು, ಅವರಲ್ಲಿ ಒಬ್ಬರು ಕುರುಡರಿದ್ದರು, ಎಲ್ಲರಿಗಿಂತ ಸಣ್ಣದು ಬೆಳೆಯಲಿಲ್ಲ ಎಂಬುದೆಲ್ಲ ತಾನಾಗಿಯೇ ಮನಸ್ಸಿಗೆ ಬಂದಿತ್ತು. ಒಳ್ಳೆಯ ಲೆಕ್ಕದ ಉತ್ತರ ಸರಿಯೋ ತಪ್ಪೋ ಎಂದು ಮಾಸ್ತರರನ್ನು ಕೇಳಬೇಕಿಲ್ಲ, ಅದೇ ಹೇಳುತ್ತದೆ ಎಂದು ಅವಳು ಹುಡುಗರಿಗೆ ಹೇಳುತ್ತಿದ್ದಳು. ಈ ಒಗಟುಗಳು ಹಾಗಿದ್ದವು. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಗೆದ್ದೆ ಎಂದು ಗಂಟೆ ಬಾರಿಸುವುದಿಲ್ಲ. ತಿಳಿದುಕೊಂಡರೆ ಮುಂದೆ ದಾರಿ, ಇಲ್ಲವಾದರೆ ನಿಂತಲ್ಲೇ ನಿಲ್ಲು. ಇಷ್ಟನ್ನು ಬರೆದು ನಿಲ್ಲಿಸಿದ್ದರೆ ಆಗುತ್ತಿತ್ತು.

ಬಸ್ಸು ಬಂತು. ಶೆಟ್ಟೆವ್ವ ಮೊದಲು ಹತ್ತಿ, ಮೇಲಿನಿಂದ ಕೈ ಚಾಚಿ, ಮೂಟೆ ಎಳೆದಂತೆ ಅವಳನ್ನು ಎಳೆದುಕೊಂಡಳು. ಆಧಾರ ಕಾರ್ಡು ತೋರಿಸಿ ಎರಡು ಶೂನ್ಯ ಟಿಕೆಟು ಪಡೆದದ್ದೂ ಆಯಿತು. ಊರು ದಾಟಿ ಕರಿನೆಲ ಬಿಚ್ಚಿಕೊಂಡಿತು, ಸೋಯಾಬೀನು ಮೊಣಕಾಲೆತ್ತರಕ್ಕೆ ಬಂದಿತ್ತು, ಮತ್ತು ಅನ್ನಪೂರ್ಣಾ ಮನಸ್ಸಿನಲ್ಲಿ ಪುನಃ ಆಟದ ಗಿರಣಿಯೊಳಗೆ ಇದ್ದಳು. ಆಟದ ಮೂರನೆಯ ಭಾಗ. ಕತ್ತಲ ದೊಡ್ಡ ಕೋಣೆ, ನಿಂತ ಗಾಲಿಗಳು, ಅವುಗಳ ನಡುವೆ ಕಳಚಿಬಿದ್ದ ಬೆಲ್ಟಿನ ಪಟ್ಟಾಗಳು. ಗಾಲಿ ತಿರುಗಿದರೆ ನೀರಿನ ತೂಬು ತೆರೆಯುತ್ತದೆ. ಯಾವ ಪಟ್ಟಾ ಯಾವ ಗಾಲಿಗೆ ಹಾಕಬೇಕು, ಯಾವುದನ್ನು ಹೊಳ್ಳಿಸಿ ಹಾಕಿದರೆ ಗಾಲಿ ಉಲ್ಟಾ ತಿರುಗುತ್ತದೆ, ಎಂದು ಮೂರು ದಿನ ಹಾಳೆ ತುಂಬ ಬಾಣ ಬರೆದು ಕೊನೆಗೆ ಅವಳೇ ಬಿಡಿಸಿದ್ದಳು. ಮೈ ಬೆಚ್ಚಗಾಗಿತ್ತು. ಐವತ್ತಾರನೆಯ ವಯಸ್ಸಿನಲ್ಲಿ, ಕಾಲಿಗೆ ಪ್ಲಾಸ್ಟರು ಹಾಕಿಕೊಂಡು, ಯಾರ ಸಹಾಯವೂ ಇಲ್ಲದೆ. ಇನ್ನು ಗೋಡೆಯ ಮೇಲಿನ ಹ್ಯಾಂಡಲ್ಲನ್ನು ಕೆಳಗೆ ಎಳೆಯುವುದೊಂದೇ ಬಾಕಿ. ಆಗ ಬಾಗಿಲಿನಿಂದ ಶೆಟ್ಟೆವ್ವ ಎದ್ದು ಬಂದಳು. ಬಳ್ಳೊಳ್ಳಿಯ ಸಿಪ್ಪೆ ಉಡಿಯಿಂದ ನೆಲಕ್ಕೆ ಬಿತ್ತು.

"ಅಕ್ಕಾರ, ಕೈ ತಗೀರಿ. ಅರಿವಿ ಕಟ್ಟೈತಿ. ಒಳಗ ಯಾರೋ ಅದಾರ."

ಹ್ಯಾಂಡಲ್ಲಿಗೆ ಒಂದು ಕೆಂಪು ಚಿಂದಿ ಸುತ್ತಿತ್ತು, ಹೌದು. ಅನ್ನಪೂರ್ಣಾಳಿಗೆ ಅದು ಚಿತ್ರ ಬರೆದವರ ಅಲಂಕಾರದಂತೆ ಕಂಡಿತ್ತು. ಅಂಥ ಚಿಂದಿ, ಜೇಡರ ಬಲೆ, ಒಡೆದ ಗಾಜು ಆಟದ ತುಂಬ ಇದ್ದವು. ಇರಲಿ ಬಿಡು ಶೆಟ್ಟೆವ್ವಾ, ಅದು ಸುಮ್ಮನೆ ಹಾಕಿರುತ್ತಾರೆ, ಎಂದಳು. ಶೆಟ್ಟೆವ್ವ ಮತ್ತೊಮ್ಮೆ ಹೇಳಿದಳು, ದನಿ ಏರಿಸದೆ: ಫ್ಯಾಕ್ಟರಿಯಲ್ಲಿ ಯಂತ್ರದೊಳಗೆ ಕಸ ತೆಗೆಯಲು ಇಳಿಯುವವರು ತಮ್ಮ ಅರಿವೆಯೊಂದನ್ನು ಹ್ಯಾಂಡಲ್ಲಿಗೆ ಕಟ್ಟಿ ಇಳಿಯುತ್ತಾರೆ, ಕಟ್ಟಿದವರೇ ಹೊರಗೆ ಬಂದು ಬಿಚ್ಚಬೇಕು, ಅದು ಇರುವ ತನಕ ಖುದ್ದು ಮಾಲಕ ಬಂದರೂ ಕೈ ಹಚ್ಚಬಾರದು. ಮೂರು ದಿನದ ಲೆಕ್ಕ ಬಿಡಿಸಿ ಕೂತವಳಿಗೆ ಬಾಗಿಲಲ್ಲಿ ಕೂತವಳು ಪಾಠ ಹೇಳುವುದು. ಅಷ್ಟು ಸಿಟ್ಟೂ ಅಲ್ಲ ಅದು, ಬರೀ ಒಂದು ಅವಸರ. ಅವಳು ಎಳೆದಳು. ಗಾಲಿಗಳು ಸರಿಯಾಗಿ, ಅವಳು ಬರೆದ ಬಾಣಗಳಂತೆಯೇ ತಿರುಗಿದವು. ನಡುವೆ ಒಂದು ಸಲ, ಒಳಗೆ ಏನೋ ಸಿಕ್ಕಂತೆ, ತಡೆದವು. ಆಮೇಲೆ ಸಣ್ಣಾವನ ಒಂಟಿ ಕಣ್ಣಿನ ದೀಪ ಉರುಳಿಕೊಂಡು ಬಂದು ತಗಡ್ಯಾನ ಕಾಲ ಹತ್ತಿರ ನಿಂತಿತು. ಶೆಟ್ಟೆವ್ವ ಕೆಳಗೆ ಬಿದ್ದ ಸಿಪ್ಪೆಯನ್ನು ಬಳಿದು ಉಡಿಯಲ್ಲಿ ಹಾಕಿಕೊಂಡು ಹೊರಗೆ ಹೋದಳು. ಮರುದಿನದಿಂದ ತಗಡ್ಯಾನ ಸುದ್ದಿ ಕೇಳಲಿಲ್ಲ.

ಅಲ್ಲಿಂದ ಮುಂದೆ ತಗಡ್ಯಾ ಆ ಕಣ್ಣನ್ನು ಎದೆಗೆ ಅವುಚಿಕೊಂಡೇ ನಡೆದ. ಆಟ ಮುಗಿದಾಗ ಅನ್ನಪೂರ್ಣಾ ಅತ್ತಿದ್ದಳು, ಆ ಅಳುವಿನಲ್ಲೇ ಲೇಖನ ಬರೆದಳು. ಯಾವ ಗುರುತೂ ಇಲ್ಲದೆ ಎಂದು ಬರೆಯುವಾಗ ಕೈ ತಡೆಯಲಿಲ್ಲ. ಅದೇ ಈಗ ಆಶ್ಚರ್ಯ. ಅಚ್ಚಾದ ದಿನ ಮಧು ಫೋನು ಮಾಡಿದಳು. ಅವ್ವಾ, ಸಣ್ಣಾವ ಸಾಯೋದೇ ಬೇಕಿಲ್ಲ, ಎಂದಳು. ಅರಿವೆ ಕಟ್ಟಿದೆ ನೋಡು, ಅದನ್ನು ಕಂಡು ಸುಮ್ಮನೆ ನಿಲ್ಲಬೇಕು. ಎರಡು ನಿಮಿಷ ಏನೂ ಮಾಡದೆ ನಿಂತರೆ ಸಣ್ಣಾವ ತಾನೇ ಹೊರಗೆ ಬಂದು ಬಿಚ್ಚುತ್ತಾನೆ. ಇಡೀ ಆಟದಲ್ಲಿ ಅದೇ ಎಲ್ಲಕ್ಕಿಂತ ಛಲೋ ಒಗಟು, ಉತ್ತರ ಅಂದರೆ ನಿಲ್ಲುವುದು. ಹತ್ತರಲ್ಲಿ ಒಂಬತ್ತು ಮಂದಿ ಎಳೆದೇ ಎಳೆಯುತ್ತಾರೆ, ನೀನೂ ಎಳೆದಿ, ಅದಕ್ಕೇನಂತೆ, ಎಂದು ನಕ್ಕಿದ್ದಳು. ಹತ್ತರಲ್ಲಿ ಒಂಬತ್ತು ಮಂದಿಗೆ ಬೆನ್ನ ಹಿಂದೆ ನಿಂತು ಹೇಳುವ ಶೆಟ್ಟೆವ್ವ ಇರುವುದಿಲ್ಲ ಎಂದು ಅನ್ನಪೂರ್ಣಾ ಮಗಳಿಗೆ ಹೇಳಲಿಲ್ಲ.

ಬಸ್ಸು ಒಂದು ಹಳ್ಳಿಯಲ್ಲಿ ನಿಂತಿತು, ಕುರಿಗಳು ದಾಟಿದವು. ಆಗ, ಕುರಿಗಳ ಬೆನ್ನ ಮೇಲಿನ ಕೆಂಪು ಬಣ್ಣ ನೋಡುತ್ತಿರುವಾಗ, ಆ ವಾಕ್ಯ ಯಾರದೆಂದು ಅವಳಿಗೆ ತಿಳಿಯಿತು. ಅವಳದಲ್ಲ. ಗುರುತು ಏನೂ ಇದ್ದಿಲ್ಲರಿ ಸಾಹೇಬರ. ಪಡಸಾಲೆಯಲ್ಲಿ ಗಾದಿಯ ಮೇಲೆ ಕೂತ ಅಪ್ಪನ ದನಿ. ಅವಳಿಗಾಗ ಹತ್ತು ವರ್ಷ. ಅಪ್ಪ ಬಸಲಿಂಗಪ್ಪ ಶೆಟ್ಟೆವ್ವ ದುಡಿದ ಆ ಜಿನ್ನಿಂಗ್ ಫ್ಯಾಕ್ಟರಿಯ ಪಾಲುದಾರ, ವ್ಯವಹಾರ ನೋಡುವವನೂ ಅವನೇ. ಬೆಳಗಾವಿಯಿಂದ ಬಂದ ಅಧಿಕಾರಿ ಚೂಡಾ ತಿನ್ನುತ್ತ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದ. ಎರಡು ದಿನದ ಹಿಂದೆ ಚನ್ನವ್ವ ಎಂಬ ಹೆಂಗಸು ಯಂತ್ರದೊಳಗೆ ಸಿಕ್ಕ ಅರಳೆ ತೆಗೆಯುತ್ತಿರುವಾಗ ಆಳುಗಳ ಮೇಲ್ವಿಚಾರಕನಾದ ಮುಕಾದಮ ಅಂದಾನೆಪ್ಪ ಹ್ಯಾಂಡಲ್ಲು ಎಳೆದಿದ್ದ. ಕರೆಂಟು ಹೋಗುವುದರೊಳಗೆ ಕೆಲಸ ಮುಗಿಸುವ ಅವಸರ. ಚನ್ನವ್ವನ ಬಲಗೈ ಮೊಣಕೈ ತನಕ ಹೋಗಿತ್ತು. ಅರಿವೆ ಕಟ್ಟದೆ ಇಳಿದಿದ್ದಳು, ತಪ್ಪು ಆಕೆಯದೇ ಎಂದು ಕಾಗದದಲ್ಲಿ ಬಿತ್ತು. ಆದರೆ ಅಧಿಕಾರಿ ಬರುವ ಹಿಂದಿನ ಸಂಜೆ ಅಂದಾನೆಪ್ಪ ಹಿತ್ತಲ ಬಾಗಿಲಿನಿಂದ ಬಂದು ಅವ್ವನ ಕೈಗೆ ಏನನ್ನೋ ಕೊಟ್ಟಿದ್ದ. ಅವ್ವ ಅದನ್ನು ಬಚ್ಚಲ ಒಲೆಗೆ ಹಾಕಿದಳು. ನೀರು ಕಾಯುವುದನ್ನು ಕಾಯುತ್ತ ಕೂತಿದ್ದ ಅನ್ನಪೂರ್ಣಾ ಕಂಡಳು: ಹಳೆಯ ಸೀರೆಯ ಹಸಿರು ತುಂಡು, ಗಂಟು ಬಿಚ್ಚಿರಲಿಲ್ಲ, ಕತ್ತರಿಸಿ ತೆಗೆದಿದ್ದರು. ಆ ಬಿಸಿನೀರಿನಿಂದಲೇ ಅವ್ವ ಅವಳ ತಲೆ ತೊಳೆದಿದ್ದಳು. ಹತ್ತು ವರ್ಷದವಳು ಏನು ಮಾಡಬೇಕಿತ್ತು ಎಂದು ಆಮೇಲೆ ಅವಳು ಎಷ್ಟೋ ಸಲ ತನ್ನನ್ನೇ ಕೇಳಿದ್ದಳು, ಉತ್ತರ ಸಿಗದಿದ್ದುದೇ ಒಂದು ಸಮಾಧಾನವಾಗಿತ್ತು. ಇಪ್ಪತ್ತು, ಮೂವತ್ತು, ಐವತ್ತು ವರ್ಷದವಳು ಏನು ಮಾಡಬೇಕಿತ್ತು ಎಂದು ಕೇಳಿಕೊಂಡಿರಲಿಲ್ಲ. ಪಕ್ಕದಲ್ಲಿ ಶೆಟ್ಟೆವ್ವ ಎಲೆ ಅಗಿಯುತ್ತ ಮುಂದಿನ ಗಾಜಿನಿಂದ ರಸ್ತೆ ನೋಡುತ್ತಿದ್ದಳು. ಅವಳೂ ಚನ್ನವ್ವನೂ ಒಂದೇ ಓಣಿಯವರು, ಒಂದೇ ಪಾಳಿಯಲ್ಲಿ ದುಡಿದವರು. ಅನ್ನಪೂರ್ಣಾ ಬಸಲಿಂಗಪ್ಪನ ಮಗಳು ಎಂದು ಶೆಟ್ಟೆವ್ವನಿಗೆ ಗೊತ್ತು, ಗೊತ್ತಿದೆ ಎಂದು ಇವಳಿಗೂ ಗೊತ್ತು. ಇಬ್ಬರೂ ಅದರ ಮೇಲೆ ಕಾಲಿಡದೆ ಇಷ್ಟು ವರ್ಷ ನಡೆದಿದ್ದರು.

ಕಿತ್ತೂರಿನ ಸಭಾಂಗಣದಲ್ಲಿ ಅರವತ್ತು ಮಂದಿ ಇದ್ದರು. ಬಳಗ ನಡೆಸುವ ಸುಭಾಸ ಎಂಬ ಅಧ್ಯಾಪಕರು ಆಟದ ಚಿತ್ರಗಳನ್ನು ಹುಡುಕಿ ತೆಗೆದು ಗೋಡೆಯ ಮೇಲೆ ಬಿಡುವ ವ್ಯವಸ್ಥೆ ಮಾಡಿದ್ದರು. ಅನ್ನಪೂರ್ಣಾ ತಾಟುಗಳ ಒಗಟಿನ ಬಗ್ಗೆ ಹೇಳಿದಾಗ ಹಿಂದಿನ ಸಾಲಿನ ಹುಡುಗರು ಮೊಬೈಲು ಕೆಳಗಿಟ್ಟರು. ಕತೆ ಹೇಳುತ್ತ ಹೇಳುತ್ತ ಅವಳಿಗೆ ಹುರುಪು ಬಂತು; ಗೋಡೆಗೆ ಗಿರಣಿಯ ಚಿತ್ರ ಬಂದದ್ದು ಅವಳಿಗೆ ತಿಳಿದದ್ದು ಶೆಟ್ಟೆವ್ವನ ಮುಖದಿಂದ. ತಿರುಗಿ ನೋಡಿದರೆ, ಹ್ಯಾಂಡಲ್ಲು ಆಳೆತ್ತರ, ಅದಕ್ಕೆ ಸುತ್ತಿದ ಕೆಂಪು ಅರಿವೆ ಪಂಚೆಯಷ್ಟು ದೊಡ್ಡದು. ಅರವತ್ತು ಮಂದಿ ಅದನ್ನೇ ನೋಡುತ್ತಿದ್ದರು, ಒಬ್ಬರಿಗೂ ಕಾಣುತ್ತಿರಲಿಲ್ಲ. ಹಾಗೇ ದಾಟಿ ಹೋಗಬಹುದಿತ್ತು. ನಾನು ಬರೆದದ್ದು ತಪ್ಪು, ಎಂದಳು. ಗುರುತು ಇತ್ತು. ಅಲ್ಲಿ ಹಿಂದೆ ಕೂತ ಶೆಟ್ಟೆವ್ವ ಎರಡು ಸಲ ಹೇಳಿದ್ದಳು, ನಾನು ಕೇಳಲಿಲ್ಲ, ಕೇಳಲಿಲ್ಲ ಎಂಬುದನ್ನು ಮುಚ್ಚಿಕೊಂಡು ಆಟವನ್ನು ಹೊಗಳಿದೆ. ಆಟದ ನಿಜವಾದ ದೊಡ್ಡತನ ನನಗೆ ಕಂಡೇ ಇರಲಿಲ್ಲ. ಕೈ ಕಟ್ಟಿ ನಿಲ್ಲುವುದನ್ನೇ ಅದು ಉತ್ತರ ಮಾಡಿ ಇಟ್ಟಿದೆ, ನಾನು ಜಾಣತನ ತೋರಿಸಲು ಹೋದೆ.

ಚಪ್ಪಾಳೆ ಬಿತ್ತು. ಲೇಖನಕ್ಕೆ ಬಿದ್ದಿದ್ದರೆ ಇಷ್ಟು ಬೀಳುತ್ತಿರಲಿಲ್ಲ. ಎದೆಯ ಭಾರ ಇಳಿಯಿತು ಎಂದು ಅವಳಿಗೆ ಅನ್ನಿಸಿದ ಹೊತ್ತಿಗೇ ಮುಂದಿನ ಸಾಲಿನಲ್ಲಿ ಕೂತ ದುಂಡುಮುಖದ ಹುಡುಗಿಯೊಬ್ಬಳು ಎದ್ದು ನಿಂತಳು. ದುರ್ಗಾ ಎಂದು ಹೆಸರು ಹೇಳಿಕೊಂಡಳು. "ಮೇಡಂ, ಆ ಅರಿವಿ ಗುರುತು ಅನ್ನೂದು ಆ ಅಜ್ಜಿಗೆ ಹ್ಯಾಂಗ ಗೊತ್ತಾತ್ರಿ?"

ಎಲ್ಲರೂ ತಿರುಗಿ ಶೆಟ್ಟೆವ್ವನನ್ನು ನೋಡಿದರು. ಶೆಟ್ಟೆವ್ವ ಅನ್ನಪೂರ್ಣಾಳನ್ನು ನೋಡಿದಳು. ಆಕೆ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವಳು, ಅಲ್ಲಿ ಹಾಗೆ ರೂಢಿ, ಎಂದು ಹೇಳಿ ಅನ್ನಪೂರ್ಣಾ ನೀರು ಕುಡಿದಳು. ಹುಡುಗಿ ಥ್ಯಾಂಕ್ಸ್ ಹೇಳಿ ಕೂತಳು. ಸುಭಾಸ ಮೈಕು ಹಿಡಿದು, ತಪ್ಪನ್ನು ಒಪ್ಪಿಕೊಳ್ಳುವ ಇಂಥ ದೊಡ್ಡ ಮನಸ್ಸು ಇಂದಿನ ದಿನಮಾನದಲ್ಲಿ ಎಲ್ಲಿದೆ ಎಂದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋ ತೆಗೆದರು. ವಂದನೆ ಹೇಳಿದವನು ಮೇಡಂ ಅವರ ಮನೆಗೆಲಸದವರಿಗೂ ವಂದನೆಗಳು ಎಂದು ಸೇರಿಸಿದ. ಊಟದ ಹೊತ್ತಿಗೆ ನಾಲ್ಕು ಮಂದಿ ಬಂದು ಅವಳ ಕೈ ಹಿಡಿದು, ನೀವು ಹೇಳಿದ್ದು ಕೇಳಿ ಕಣ್ಣಲ್ಲಿ ನೀರು ಬಂತು ಎಂದರು. ಶೆಟ್ಟೆವ್ವ ಒಂದು ಮೂಲೆಯಲ್ಲಿ ತನ್ನ ತಾಟು ಹಿಡಿದು ನಿಂತು, ಜುಣಕ ಉಪ್ಪಾಗಿದೆ ಎಂದು ಬಡಿಸುವವನಿಗೆ ಹೇಳುತ್ತಿದ್ದಳು.

ತಿರುಗಿ ಬರುವ ಬಸ್ಸು ಅರ್ಧ ಖಾಲಿ. ಶಾಲನ್ನು ಎಲ್ಲಿ ಇಡುವುದು ತಿಳಿಯದೆ ಅನ್ನಪೂರ್ಣಾ ತೊಡೆಯ ಮೇಲೆ ಮಡಚಿಟ್ಟುಕೊಂಡಿದ್ದಳು. ಎದೆ ಹಗುರಾಗಿತ್ತು ಎಂದುಕೊಂಡದ್ದು ಸುಳ್ಳಾಗಿತ್ತು. ಹಗುರಾದದ್ದು ಬೇರೆ ಏನೋ, ಮೇಲುಮೇಲಿನದು. ಹೆದ್ದಾರಿ ಬಿಟ್ಟು ಬಸ್ಸು ಒಳದಾರಿ ಹಿಡಿದ ಮೇಲೆ ಶೆಟ್ಟೆವ್ವ ಬಾಯಿ ಬಿಟ್ಟಳು.

"ಆ ಆಟಾ ಹೊಳ್ಳಿ ಮೊದಲಿಂದ ಆಡಾಕ ಬರತೈತೇನ್ರಿ?"

"ಬರತೈತಿ. ಎಷ್ಟ ಸಲಾ ಬೇಕಾದ್ರೂ."

"ಸಣ್ಣಾವ ಉಳೀತಾನೇನು?"

"ಈ ಸಲಾ ನಿಂತರ ಉಳೀತಾನ."

"ಮತ್ತ ಅದನ್ಯಾಕ ಅಷ್ಟ ಮಂದಿ ಮುಂದ ಹೇಳಿದ್ರಿ? ಮನ್ಯಾಗ ಕುಂತು ಹೊಳ್ಳಿ ಆಡಿದ್ರ ಮುಗೀತಿತ್ತು." ಶೆಟ್ಟೆವ್ವ ಒಂದು ಎಲೆ ತೆಗೆದು ಬಾಯಿಗೆ ಹಾಕಿಕೊಂಡಳು. "ಆ ಹುಡುಗಿ ಕೇಳಿದಾಗ, ಚನ್ನವ್ವಂದು ಹೇಳತೀರೇನೋ ಅಂತ ಕುಂತಿದ್ದೆ."

ಬೈಗುಳದ ದನಿಯಲ್ಲ. ಜುಣಕ ಉಪ್ಪಾಗಿದೆ ಎಂದ ದನಿಯೇ. ಅನ್ನಪೂರ್ಣಾ ಶಾಲಿನ ಅಂಚನ್ನು ನೆರಿಗೆ ಮಾಡಿದಳು, ಬಿಚ್ಚಿದಳು. ನಲವತ್ತಾರು ವರ್ಷ ಬಾಯೊಳಗೆ ಇದ್ದ ಮಾತು ಹೊರಗೆ ಬಂದಾಗ ಅದು ಇಷ್ಟು ಸಣ್ಣದಿರುತ್ತದೆ ಎಂದು ಅವಳು ಎಣಿಸಿರಲಿಲ್ಲ. "ಆ ಅರಿವಿ ನಮ್ಮ ಮನ್ಯಾಗ ಸುಟ್ಟರು ಶೆಟ್ಟೆವ್ವಾ. ನಾ ನೋಡೇನಿ."

ಶೆಟ್ಟೆವ್ವ ಬೆಚ್ಚಲಿಲ್ಲ, ತಿರುಗಿಯೂ ನೋಡಲಿಲ್ಲ. ಕಿಟಕಿಯಿಂದ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡಳು. "ನನಗ ಹೇಳಿ ಏನ ಮಾಡತೀರಿ ಅಕ್ಕಾರ. ನನ್ನ ಕೈ ಎರಡೂ ಅದಾವ."

ಚನ್ನವ್ವ ಇದ್ದಾಳೋ ಹೋದಳೋ ಎಂದು ಕೇಳಲೂ ಅನ್ನಪೂರ್ಣಾಳಿಗೆ ಹೆದರಿಕೆಯಾಯಿತು. ಹೋಗಿದ್ದಾಳೆ ಎಂಬ ಉತ್ತರ ಬಂದರೆ ತನಗೆ ಸಮಾಧಾನವಾಗಬಹುದು ಎಂಬ ಹೆದರಿಕೆ. ಕೊನೆಗೆ ಕೇಳಿದಳು. ಇದ್ದಾಳೆ, ಮುರಗೋಡದಲ್ಲಿ ಮಗಳ ಮನೆಯಲ್ಲಿ, ಮಠದ ಹಿಂದಿನ ಓಣಿ, ಎಡಗೈಯಿಂದಲೇ ರೊಟ್ಟಿ ಬಡಿಯುತ್ತಾಳೆ, ಕಿವಿ ಮಾತ್ರ ಮಂದ, ಗಟ್ಟಿಯಾಗಿ ಹೇಳಬೇಕು, ಎಂದಳು ಶೆಟ್ಟೆವ್ವ. ಗಟ್ಟಿಯಾಗಿ ಹೇಳಬೇಕು ಎಂದು ಅನ್ನಪೂರ್ಣಾ ಮತ್ತೆ ಅಂದುಕೊಂಡಳು. ಇಡೀ ಓಣಿ ಕೇಳುತ್ತದೆ.

ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಮುರಗೋಡದ ಬಸ್ಸು ಎಂಜಿನು ಚಾಲೂ ಇಟ್ಟುಕೊಂಡು ನಿಂತಿತ್ತು. ನಾಲ್ಕು ಗಂಟೆ, ಹೋಗಿ ದೀಪ ಹಚ್ಚುವುದರೊಳಗೆ ಬರಬಹುದು. ನಾಳೆ ಹೋದರಾಯಿತು ಎಂದು ಮನಸ್ಸು ಹೇಳಿತು, ನಾಳೆ ಶಾಲೆ ಇದೆ ಎಂದೂ ಅದೇ ಹೇಳಿತು. ಅವಳು ಮೆಟ್ಟಿಲ ಸರಳು ಹಿಡಿದಳು. ಶೆಟ್ಟೆವ್ವ ಹಿಂದಿನಿಂದ ರಟ್ಟೆಗೆ ಕೈ ಕೊಟ್ಟು ಮೇಲೆ ನೂಕಿದಳು, ಹಣ್ಣಿನ ಬುಟ್ಟಿಯನ್ನು ಒಳಗೆ ಇಟ್ಟಳು, ಆಮೇಲೆ ಕೆಳಗೇ ನಿಂತಳು. ಬಾ, ಹತ್ತು, ಎಂದು ಅನ್ನಪೂರ್ಣಾ ಕೈ ಚಾಚಿದಳು.

"ನಾ ಹೋದ ವಾರ ಹೋಗಿ ಬಂದೇನಿ" ಎಂದಳು ಶೆಟ್ಟೆವ್ವ. "ನೀವು ಹೋಗಿ ಬರ್ರಿ."

ಬಸ್ಸು ಹಿಂದಕ್ಕೆ ಸರಿಯಿತು. ಕಂಡಕ್ಟರ ಬಂದು ಎಷ್ಟು ಮಂದಿ ಎಂದು ಕೇಳಿದ. ಕಿಟಕಿಯಿಂದ ನೋಡಿದರೆ ಶೆಟ್ಟೆವ್ವ ಆಗಲೇ ಬೆನ್ನು ತಿರುಗಿಸಿ ಗೇಟಿನತ್ತ ನಡೆದಿದ್ದಳು.

"ಒಬ್ಬಾಕಿನ" ಎಂದಳು ಅನ್ನಪೂರ್ಣಾ. "ಮುರಗೋಡಕ್ಕ."